ಪೂರ್ವಗ್ರಹ ಎಲ್ಲಿ ಹುಟ್ಟುತ್ತದೆ? ರೋಗಿಗಳು ಮತ್ತು ಮನೆಯವರು ತಿಳಿದಿರಬೇಕಾದ ಸಂಗತಿಗಳು

ಮುಂಬಯಿಯ ಯಾವುದೇ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬೆಳಗ್ಗೆ ಎಂಟು ಗಂಟೆಗೆ ಹೋಗಿ ನಿಲ್ಲಿ. ನಿಮ್ಮ ಮುಂದೆ ಮಣಿಪುರದವರು ಇರುತ್ತಾರೆ, ಹಿಂದೆ ಬಿಹಾರದವರು, ಪಕ್ಕದ ಬೆಂಚಿನಲ್ಲಿ ಕಲಬುರಗಿಯವರು. ಕಿಟಕಿಯ ಒಳಗೆ ಕೂತವರು ಒಬ್ಬರಿಗೆ ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಾರೆ, ಇನ್ನೊಬ್ಬರಿಗೆ ‘ಏ, ಆ ಕಡೆ ಹೋಗು’ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಇರುವುದು ಒಂದೇ ಬಗೆಯ ಕೇಸ್ ಪೇಪರ್. ಹಾಗಾದರೆ ದನಿ ಯಾಕೆ ಬದಲಾಯಿತು?

ಇದನ್ನು ಕೆಟ್ಟವರ ಕೆಟ್ಟ ಗುಣ ಎಂದು ಬಿಟ್ಟುಬಿಡಬಹುದು. ಆದರೆ ಸಂಶೋಧಕರು ಎಪ್ಪತ್ತು ವರ್ಷಗಳಿಂದ ಹುಡುಕಿ ಕಂಡಿರುವುದು ಬೇರೆ. ಪೂರ್ವಗ್ರಹಕ್ಕೆ ದ್ವೇಷ ಬೇಕಾಗಿಲ್ಲ. ಅವಸರ, ಹೆದರಿಕೆ, ಕೇಳಿ ಬೆಳೆದ ಮಾತುಗಳು ಸಾಕು. ಅದು ಚಿಕಿತ್ಸೆಯ ಮೇಲೆ ಪರಿಣಾಮ ಬೀರುತ್ತದೆ ಎಂಬ ಕಾರಣಕ್ಕೇ ಈ ವಿಷಯ ಆರೋಗ್ಯದ ಪುಟದಲ್ಲಿದೆ.

ಮೊದಲು ಮೂರು ಪದಗಳು

ಒಂದು ಗುಂಪಿನ ಎಲ್ಲರೂ ಹೀಗೇ ಎಂದು ತಲೆಯಲ್ಲಿ ಕೂತಿರುವ ಅಚ್ಚಿಗೆ ‘ಪಡಿಯಚ್ಚು’ ಎನ್ನುತ್ತಾರೆ. ಆ ಗುಂಪಿನವರನ್ನು ಕಂಡಾಗ, ಅವರು ಬಾಯಿ ತೆರೆಯುವ ಮೊದಲೇ, ನಮ್ಮಲ್ಲಿ ಏಳುವ ಅಸಹನೆ ಅಥವಾ ಭಯವೇ ‘ಪೂರ್ವಗ್ರಹ’. ಅದರಂತೆ ನಡೆದುಕೊಂಡರೆ ಅದು ‘ತಾರತಮ್ಯ’. ಒಂದು ಯೋಚನೆ, ಒಂದು ಭಾವನೆ, ಒಂದು ಕೆಲಸ. ಮೂರೂ ಯಾವಾಗಲೂ ಒಟ್ಟಿಗೆ ಬರುವುದಿಲ್ಲ. ಮನಸ್ಸಿನಲ್ಲಿ ಏನೂ ಇಲ್ಲದವರು ಕಚೇರಿಯ ನಿಯಮವನ್ನು ಪಾಲಿಸುತ್ತಲೇ ತಾರತಮ್ಯ ಮಾಡಬಹುದು. ಒಳಗೆ ಪೂರ್ವಗ್ರಹ ಇಟ್ಟುಕೊಂಡವರು ನಡತೆಯಲ್ಲಿ ಸರಿಯಾಗಿಯೇ ಇರಬಹುದು.

ಇನ್ನು ‘ಜನಾಂಗ’. ಮೂಗು, ಕಣ್ಣು, ಚರ್ಮದ ಬಣ್ಣ ನೋಡಿ ಮನುಷ್ಯರನ್ನು ಕೆಲವೇ ಜನಾಂಗಗಳಾಗಿ ವಿಂಗಡಿಸಬಹುದು ಎಂಬ ನಂಬಿಕೆ 19ನೇ ಶತಮಾನದಲ್ಲಿ ವಿಜ್ಞಾನದ ಹೆಸರಿನಲ್ಲೇ ಬೆಳೆಯಿತು. ಯುನೆಸ್ಕೋ 1950ರಲ್ಲಿ ಅದನ್ನು ಬಹಿರಂಗವಾಗಿ ತಳ್ಳಿಹಾಕಿತು. 1972ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ತಳಿವಿಜ್ಞಾನಿ ಲೆಕ್ಕ ಹಾಕಿ ತೋರಿಸಿದ್ದು ಇದು: ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು 85 ಭಾಗ ಒಂದೇ ಸಮುದಾಯದ ಒಳಗೇ ಇರುತ್ತದೆ. ಎಂದರೆ, ನಿಮಗೂ ನಿಮ್ಮ ಊರಿನ ಪಕ್ಕದ ಮನೆಯವರಿಗೂ ಇರುವ ವ್ಯತ್ಯಾಸವೇ ದೊಡ್ಡದು. ಚರ್ಮದ ಬಣ್ಣ ಬಹುಮಟ್ಟಿಗೆ ಮೆಲನಿನ್ ಎಂಬ ವರ್ಣದ್ರವ್ಯದ ಪ್ರಮಾಣ. ಬಿಸಿಲಿಗೆ ತಕ್ಕಂತೆ ತಲೆಮಾರುಗಳಲ್ಲಿ ಹೊಂದಿಕೊಂಡದ್ದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಇವತ್ತಿನ ಸಿದ್ದಿಗಳು ಕನ್ನಡ, ಕೊಂಕಣಿ ಮಾತಾಡುವ ಇದೇ ನೆಲದವರು. ಆದರೂ ಪೇಟೆಗೆ ಬಂದರೆ ‘ಯಾವ ದೇಶ?’ ಎಂಬ ಪ್ರಶ್ನೆ ಅವರಿಗೆ ತಪ್ಪುವುದಿಲ್ಲ. ಜನಾಂಗ ಎಂಬುದು ದೇಹದಲ್ಲಿ ಇಲ್ಲದಿದ್ದರೂ ನೋಡುವವರ ಕಣ್ಣಿನಲ್ಲಿ ಇದೆ. ಅದರ ಪರಿಣಾಮ ಮಾತ್ರ ನಿಜ.

ಮನಸ್ಸು ವಿಂಗಡಿಸುತ್ತದೆ, ಕೇಳದೇ ವಿಂಗಡಿಸುತ್ತದೆ

ತರಕಾರಿ ಆರಿಸುವಾಗ, ರಸ್ತೆ ದಾಟುವಾಗ, ಔಷಧದ ಶೀಟು ಹುಡುಕುವಾಗ ನಮ್ಮ ಮಿದುಳು ಎಲ್ಲವನ್ನೂ ಗುಂಪು ಮಾಡಿ ನೋಡುತ್ತದೆ. ಪ್ರತಿಯೊಂದನ್ನೂ ಹೊಸದಾಗಿ ಪರಿಶೀಲಿಸುತ್ತ ಕೂತರೆ ದಿನ ಸಾಗದು. ಮನುಷ್ಯರ ವಿಷಯದಲ್ಲೂ ಅದೇ ಅಭ್ಯಾಸ ಕೆಲಸ ಮಾಡುತ್ತದೆ.

ಇದು ಹುಟ್ಟಿನಿಂದ ಬಂದದ್ದೇ? ಪೂರ್ತಿ ಅಲ್ಲ. ಆಗಷ್ಟೇ ಹುಟ್ಟಿದ ಮಗು ಯಾವ ಬಗೆಯ ಮುಖವನ್ನಾದರೂ ಒಂದೇ ರೀತಿ ನೋಡುತ್ತದೆ. ಮೂರು ತಿಂಗಳ ಹೊತ್ತಿಗೆ, ಸುತ್ತ ಹೆಚ್ಚಾಗಿ ಕಂಡ ಬಗೆಯ ಮುಖಗಳನ್ನು ಹೆಚ್ಚು ಹೊತ್ತು ನೋಡತೊಡಗುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮರುವರ್ಷ ಇಸ್ರೇಲಿನಲ್ಲಿ, ಕಪ್ಪು ಮತ್ತು ಬಿಳಿ ಮುಖಗಳೆರಡನ್ನೂ ದಿನವೂ ಕಂಡು ಬೆಳೆಯುತ್ತಿದ್ದ ಇಥಿಯೋಪಿಯಾ ಮೂಲದ ಕೂಸುಗಳಲ್ಲಿ ಆ ಒಲವು ಕಾಣಲಿಲ್ಲ. ಹೆಚ್ಚು ಹೊತ್ತು ನೋಡುವುದು ಪೂರ್ವಗ್ರಹವಲ್ಲ, ಪರಿಚಯದ ಒಲವು ಅಷ್ಟೇ. ಆದರೆ ವಿಂಗಡಣೆಗೆ ಬೇಕಾದ ಸಾಮಗ್ರಿ ಹೊರಗಿನಿಂದ ಬರುತ್ತದೆ, ಅದೂ ಬಹಳ ಬೇಗ ಬರುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಗುಂಪು ಅಂದಮೇಲೆ ‘ನಮ್ಮದು’ ಎಂಬ ಪಕ್ಷಪಾತ ಹುಟ್ಟಲು ಏನು ಬೇಕು? ಹೆನ್ರಿ ತಾಜ್‌ಫೆಲ್ ಈ ಪ್ರಶ್ನೆ ಹಿಡಿದು ಕೂತವರು. ಪೋಲೆಂಡಿನ ಯೆಹೂದಿ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಬದುಕಿ ಬಂದರು, ಮನೆಯವರು ಉಳಿಯಲಿಲ್ಲ. 1970ರಲ್ಲಿ ಅವರು ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ಶಾಲಾ ಹುಡುಗರಿಗೆ ಕೆಲವು ಚಿತ್ರ ತೋರಿಸಿ, ನೀವು ಇಂಥ ಕಲಾವಿದನನ್ನು ಮೆಚ್ಚಿದ ಗುಂಪು, ನೀವು ಇನ್ನೊಬ್ಬನನ್ನು ಮೆಚ್ಚಿದ ಗುಂಪು ಎಂದು ಹೇಳಿದರು. ನಿಜದಲ್ಲಿ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಎಂಬುದೂ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ಹಣ ಹಂಚಲು ಹೇಳಿದಾಗ ತಮ್ಮ ಗುಂಪಿನ ಕಡೆಗೇ ವಾಲಿದರು. ಇನ್ನೂ ವಿಚಿತ್ರವೆಂದರೆ, ತಮ್ಮವರಿಗೆ ಸಿಗುವ ಮೊತ್ತ ಸ್ವಲ್ಪ ಕಡಿಮೆಯಾದರೂ ಸರಿ, ಆ ಕಡೆಯವರಿಗಿಂತ ಜಾಸ್ತಿ ಇರಬೇಕು ಎಂಬ ಹಂಚಿಕೆಯನ್ನು ಬಹಳ ಹುಡುಗರು ಆರಿಸಿಕೊಂಡರು.

ಇದರ ಮೇಲೆ ನೆನಪಿನ ಆಟವೂ ಸೇರುತ್ತದೆ. ನಂಬಿದ್ದಕ್ಕೆ ಹೊಂದುವ ಘಟನೆ ಮನಸ್ಸಿನಲ್ಲಿ ಉಳಿಯುತ್ತದೆ, ಹೊಂದದ್ದು ಜಾರಿಹೋಗುತ್ತದೆ. ನಮ್ಮವರು ಒಬ್ಬರು ಮೋಸ ಮಾಡಿದರೆ ‘ಆ ಮನುಷ್ಯ ಸರಿಯಿಲ್ಲ’, ಹೊರಗಿನವರು ಮಾಡಿದರೆ ‘ಆ ಜನವೇ ಹಾಗೆ’. ಅವಸರ, ದಣಿವು, ಹಸಿವು ಇದ್ದಾಗ ಇದು ಹೆಚ್ಚು.

ನನ್ನದೇ ಒಂದು ಉದಾಹರಣೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಉಪನಗರದ ಔಷಧ ಅಂಗಡಿಯೊಂದರ ಕೌಂಟರಿನಲ್ಲಿದ್ದೆ. ಸಂಜೆಯ ಗಲಾಟೆ. ಭೋಜ್‌ಪುರಿ ಬೆರೆತ ಹಿಂದಿಯಲ್ಲಿ ಮಾತಾಡುತ್ತ ಕಟ್ಟಡ ಕೆಲಸದ ಧೂಳಿನಲ್ಲೇ ಬಂದವರೊಬ್ಬರು ದಮ್ಮಿನ ಔಷಧದ ಚೀಟಿ ಕೊಟ್ಟರು. ರೋಟಾಕ್ಯಾಪ್, ಎಂದರೆ ಸಾಧನದಲ್ಲಿ ಇಟ್ಟು ಬಾಯಿಂದ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲ್. ಅವರಿಗಿಂತ ಮುಂಚೆ ಬಂದ ಕಚೇರಿಯ ಹೆಣ್ಣುಮಗಳಿಗೆ ಸಾಧನ ಬಿಚ್ಚಿ, ತಿರುಗಿಸಿ, ಎಳೆದು ತೋರಿಸಿದ್ದೆ. ಇವರಿಗೆ ‘ದಿನಕ್ಕೆ ಎರಡು ಸಲ’ ಎಂದಷ್ಟೇ ಹೇಳಿ ಚೀಲಕ್ಕೆ ಹಾಕಿದೆ. ಒಂದು ವಾರದ ಮೇಲೆ ಏದುಸಿರು ಬಿಡುತ್ತ ಬಂದರು. ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಿದ್ದರು. ಸಾಧನ ಪೆಟ್ಟಿಗೆಯಲ್ಲೇ ಇತ್ತು. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ, ಅಸಹ್ಯವೂ ಇರಲಿಲ್ಲ. ‘ಇವರಿಗೆ ಹೇಳಿದರೂ ಅರ್ಥವಾಗದು’ ಎಂಬ ಪಡಿಯಚ್ಚು ಮಾತ್ರ ಇತ್ತು. ಎರಡು ನಿಮಿಷ ಉಳಿಸಿದ್ದು ಅದು. ಆಮೇಲೆ ತೋರಿಸಿಕೊಟ್ಟಾಗ ಒಂದೇ ಸಲಕ್ಕೆ ಕಲಿತರು.

ಯಾರು ‘ಹೊರಗಿನವರು’ ಎಂದು ಹೇಳಿಕೊಡುವುದು ಯಾರು?

ವಿಂಗಡಿಸುವುದು ಮನಸ್ಸಿನ ಅಭ್ಯಾಸವಾದರೂ ಯಾರನ್ನು ಯಾವ ಡಬ್ಬಿಗೆ ಹಾಕಬೇಕು ಎಂಬುದನ್ನು ಸಮಾಜ ಕಲಿಸುತ್ತದೆ. ಇದನ್ನು ಅರಿಯಲು ಮುಂಬಯಿ ಕನ್ನಡಿಗರು ದೂರ ಹೋಗಬೇಕಾಗಿಲ್ಲ.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ಓದಿದ ಮರಾಠಿ ಯುವಕರು ಗುಮಾಸ್ತೆ, ಟೈಪಿಸ್ಟ್ ಕೆಲಸ ಹುಡುಕಿಕೊಂಡು ಹೋದ ಕಚೇರಿಗಳಲ್ಲಿ ಇಂಗ್ಲಿಷ್, ಶೀಘ್ರಲಿಪಿ ಕಲಿತ ದಕ್ಷಿಣ ಭಾರತದವರು ಕೂತಿದ್ದರು. ಬಾಳ್ ಠಾಕ್ರೆಯವರ ‘ಮಾರ್ಮಿಕ್’ ವಾರಪತ್ರಿಕೆ ಟೆಲಿಫೋನ್ ಡೈರೆಕ್ಟರಿಯಂಥ ಪಟ್ಟಿಗಳಿಂದ ದಕ್ಷಿಣದ ಅಧಿಕಾರಿಗಳ ಹೆಸರುಗಳನ್ನು ಎತ್ತಿ ಅಚ್ಚುಮಾಡಿತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಕನ್ನಡಿಗ, ತುಳುವ, ತಮಿಳ, ಮಲಯಾಳಿ, ತೆಲುಗರೆಲ್ಲ ಒಂದೇ ಹೆಸರಿಗೆ ಬಂದರು: ‘ಮದ್ರಾಸಿ’. ಉಟ್ಟ ಲುಂಗಿಯೇ ಘೋಷಣೆಯ ವಸ್ತುವಾಯಿತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ವಿವಾದದ ಗಲಭೆ ಮುಂಬಯಿಯಲ್ಲಿ ಭುಗಿಲೆದ್ದಾಗ ಉಡುಪಿ ಹೋಟೆಲುಗಳಿಗೆ ಕಲ್ಲು, ಬೆಂಕಿ ಬಿತ್ತು.

ಆಗ ನಗರದಲ್ಲಿ ಗುಜರಾತಿಗಳ ಸಂಖ್ಯೆ ದಕ್ಷಿಣದವರಿಗಿಂತ ಹೆಚ್ಚಿತ್ತು. ಬಂಡವಾಳವೂ ಅವರ ಕೈಯಲ್ಲಿತ್ತು. ಆದರೂ ಮೊದಲ ಏಟು ಬಿದ್ದದ್ದು ದಕ್ಷಿಣದವರಿಗೆ. ಯಾಕೆ? ಒಂದೇ ಕೆಲಸದ ಸಾಲಿನಲ್ಲಿ ಪಕ್ಕಪಕ್ಕ ನಿಂತವರು ಅವರು. ನಿಜವಾದ ಕೊರತೆಯಿದ್ದಾಗ, ಅದಕ್ಕೆ ಕಾರಣ ಇವರೇ ಎಂದು ಯಾರಾದರೂ ಬೆರಳು ತೋರಿಸಿದಾಗ, ಮತ್ತು ಗುರುತಿಸಲು ಸುಲಭವಾದ ಬಟ್ಟೆ, ಭಾಷೆ, ಬಣ್ಣ ಇದ್ದಾಗ ಪೂರ್ವಗ್ರಹ ಬೀದಿಗಿಳಿಯುತ್ತದೆ. ಕೆಲಸ ಸಿಗದ ಹುಡುಗನ ಸಂಕಟ ಸುಳ್ಳಾಗಿರಲಿಲ್ಲ. ಬೆರಳು ತೋರಿಸಿದ ದಿಕ್ಕು ತಪ್ಪಾಗಿತ್ತು.

ಗುರಿ ಶಾಶ್ವತವಲ್ಲ ಎಂಬುದನ್ನೂ ನೋಡಿ. 2008ರ ಹೊತ್ತಿಗೆ ಅದೇ ನಗರದಲ್ಲಿ ಏಟು ತಿಂದವರು ಉತ್ತರ ಭಾರತದ ಟ್ಯಾಕ್ಸಿಯವರು, ರೈಲ್ವೆ ಪರೀಕ್ಷೆ ಬರೆಯಲು ಬಂದ ಹುಡುಗರು. ದಕ್ಷಿಣದವರು ಅಷ್ಟರಲ್ಲಿ ‘ನಮ್ಮವರು’ ಆಗಿದ್ದರು. ಇಡ್ಲಿ ಎಲ್ಲರ ತಿಂಡಿಯಾಗಿತ್ತು. ಇಲ್ಲಿ ನಮ್ಮ ಮನೆಯ ಮಾತು ಬರುತ್ತದೆ. ದಾದರಿನ ಹೋಟೆಲಿನಲ್ಲಿ ಮಾಣಿಯಾಗಿದ್ದ ನನ್ನ ಅಜ್ಜ 1969ರಲ್ಲಿ ಶಟರ್ ಎಳೆದು ಒಳಗೆ ಕತ್ತಲಲ್ಲಿ ಕೂತ ರಾತ್ರಿಯನ್ನು ಎಷ್ಟೋ ಸಲ ಹೇಳಿದ್ದಾರೆ. ಅದೇ ಅಜ್ಜ ಕಡೆಗಾಲದಲ್ಲಿ ಟಿವಿ ನೋಡುತ್ತ, ‘ಈ ಭೈಯ್ಯಾಗಳು ಬಂದ ಮೇಲೆ ಮುಂಬಯಿ ಕೆಟ್ಟಿತು ಮಾರಾಯ್ತಿ’ ಎನ್ನುತ್ತಿದ್ದರು. ಪೂರ್ವಗ್ರಹದ ಪೆಟ್ಟು ತಿಂದವರಿಗೆ ಅದರ ವಿರುದ್ಧ ಲಸಿಕೆ ಹಾಕಿದಂತಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ.

ರೋಗದ ಭಯ ಸೇರಿದಾಗ

ಸೋಂಕಿನ ಕಾಲದಲ್ಲಿ ಪೂರ್ವಗ್ರಹ ಎಷ್ಟು ಬೇಗ ಉರಿಯುತ್ತದೆ ಎಂಬುದಕ್ಕೆ ಮುಂಬಯಿಯಲ್ಲಿ ಎರಡು ದಾಖಲೆಗಳಿವೆ, ನಡುವೆ 124 ವರ್ಷಗಳ ಅಂತರ.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಕಂಡ ಕಾಯಿಲೆ ಪ್ಲೇಗ್ ಎಂದು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಶಿಯೋ ವೀಗಸ್. ಆಡಳಿತದ ಕಣ್ಣಿಗೆ ಬಿದ್ದದ್ದು ‘ನೇಟಿವರ ಕೊಳಕು’. ಬಡವರ ಮನೆಗಳಿಗೆ ನುಗ್ಗಿ ತಪಾಸಣೆ, ಬಲವಂತವಾಗಿ ಆಸ್ಪತ್ರೆಗೆ ಎಳೆದೊಯ್ಯುವುದು ಶುರುವಾಯಿತು. ಜನ ಹೆದರಿ ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟರು. ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೇ ದಾಳಿ ಮಾಡಿದರು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು 1898ರಲ್ಲಿ ಪಾಲ್ ಲೂಯಿ ಸಿಮೊ ಕರಾಚಿಯಲ್ಲಿ ತೋರಿಸಿಕೊಟ್ಟರು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು.

2020ರ ಏಪ್ರಿಲಿನಲ್ಲಿ, ಲಾಕ್‌ಡೌನ್ ನಡುವೆ, ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ ದಿನಸಿ ತರಲು ಹೋದ ಮಣಿಪುರದ ಯುವತಿಯ ಮೇಲೆ ಬೈಕಿನವನೊಬ್ಬ ಉಗುಳಿ ಹೋದ. ಈಶಾನ್ಯದವರನ್ನು ‘ಕೊರೊನಾ’ ಎಂದು ಕರೆಯುವುದು, ಬಾಡಿಗೆ ಮನೆ ಬಿಡಿಸುವುದು ಹಲವು ನಗರಗಳಲ್ಲಿ ನಡೆದಿತ್ತು. ಮಾರ್ಚ್ ತಿಂಗಳಲ್ಲೇ ಕೇಂದ್ರ ಗೃಹ ಸಚಿವಾಲಯ ಇದರ ವಿರುದ್ಧ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಕಲೀನಾ ಗೊತ್ತಲ್ಲ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರುವುದೂ ಅಲ್ಲೇ. ಸೋಂಕು ಹರಡುತ್ತಿರುವಾಗ ಉಗುಳಿದವನಿಗೆ ತನ್ನ ಎಂಜಲಿನಲ್ಲಿ ರೋಗ ಇರಬಹುದು ಎಂದು ಹೊಳೆಯಲೇ ಇಲ್ಲ. ಅವನ ಲೆಕ್ಕದಲ್ಲಿ ರೋಗ ಅವಳ ಮುಖದಲ್ಲಿತ್ತು.

ಕೊಳೆತದ್ದು, ಕೆಮ್ಮುವವರು, ಅಪರಿಚಿತರು ಕಂಡಾಗ ದೂರ ಸರಿಯುವುದು ದೇಹವನ್ನು ಕಾಯುವ ಹಳೆಯ ಪ್ರವೃತ್ತಿ. ಅದು ಒರಟು ಪ್ರವೃತ್ತಿ. ವೈರಾಣುವಿಗೂ ಪರಿಚಯವಿಲ್ಲದ ಮುಖಕ್ಕೂ ವ್ಯತ್ಯಾಸ ತಿಳಿಯದು. ಅದಕ್ಕಾಗಿಯೇ ಹೊಸ ರೋಗಗಳಿಗೆ ದೇಶ, ಊರು, ಜನರ ಹೆಸರು ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸೂಚಿಸಿತ್ತು. ಕಳಂಕಕ್ಕೆ ಹೆದರಿದವರು ಪರೀಕ್ಷೆಗೆ ಬರುವುದಿಲ್ಲ. ಕ್ಷಯ, ಕುಷ್ಠ, ಎಚ್‌ಐವಿ ಎಲ್ಲದರಲ್ಲೂ ಇದನ್ನೇ ಕಂಡಿದ್ದೇವೆ.

ವೈದ್ಯಕೀಯದೊಳಗೇ ಇರುವ ಪೂರ್ವಗ್ರಹ

2016ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳಿಗೂ ಕಿರಿಯ ವೈದ್ಯರಿಗೂ ಕೆಲವು ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಕೇಳಿದರು. ‘ಕರಿಯರ ಚರ್ಮ ದಪ್ಪ’ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಮಂದಿ ಒಪ್ಪಿದರು. ಹಾಗೆ ಒಪ್ಪಿದವರು ಕರಿಯ ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿ, ಅಷ್ಟೊಂದು ಸರಿಯಿಲ್ಲದ ಚಿಕಿತ್ಸೆ ಸೂಚಿಸಿದರು. ನಮ್ಮಲ್ಲೂ ‘ಕೂಲಿಯವರಿಗೆ ನೋವು ತಡೆಯುವ ಶಕ್ತಿ ಜಾಸ್ತಿ’, ‘ಹಳ್ಳಿ ಹೆಂಗಸರಿಗೆ ಹೆರಿಗೆ ಸುಲಭ’ ಎಂಬ ಮಾತು ವಾರ್ಡುಗಳಲ್ಲಿ ಕೇಳಿಬರುತ್ತದೆ. ಅವೂ ಅದೇ ಜಾತಿಯ ಮಾತುಗಳು.

ಯಂತ್ರಕ್ಕೂ ಇದು ಅಂಟುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ವರದಿಯಂತೆ, ಸಾಧನ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿದ್ದದ್ದು ಬಿಳಿಯ ರೋಗಿಗಳಲ್ಲಿ ಶೇ. 3.6, ಕರಿಯ ರೋಗಿಗಳಲ್ಲಿ ಶೇ. 11.7. ಯಾರೂ ದ್ವೇಷದಿಂದ ಮಾಡಿದ್ದಲ್ಲ. ಸಾಧನವನ್ನು ಹೆಚ್ಚಾಗಿ ತಿಳಿ ಬಣ್ಣದ ಬೆರಳುಗಳ ಮೇಲೆ ಹೊಂದಿಸಲಾಗಿತ್ತು. ನಿಮ್ಮ ಅಥವಾ ಮನೆಯ ರೋಗಿಯ ಚರ್ಮ ಗಾಢ ಬಣ್ಣದ್ದಾಗಿದ್ದರೆ ಅಂಕಿಯೊಂದನ್ನೇ ನಂಬಿ ಕೂರಬೇಡಿ. ಉಗುರಿನ ಬಣ್ಣ ತೆಗೆಯಿರಿ, ಬೆರಳು ಬೆಚ್ಚಗಿರಲಿ, ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಿದೆಯೇ ನೋಡಿ. ಉಸಿರಾಟದ ಕಷ್ಟ, ಗೊಂದಲ, ತುಟಿ ನೀಲಿಯಾಗುವುದು ಕಂಡರೆ ಸಾಧನ ಏನೇ ಹೇಳಲಿ, ಆಸ್ಪತ್ರೆಗೆ ಹೋಗಿ. ಕಾಮಾಲೆ, ರಕ್ತಹೀನತೆ, ನೀಲಿ ತಿರುಗುವುದನ್ನು ಗಾಢ ಚರ್ಮದಲ್ಲಿ ನೋಡಬೇಕಾದದ್ದು ಕಣ್ಣಿನ ಬಿಳಿಭಾಗ, ರೆಪ್ಪೆಯ ಒಳಬದಿ, ತುಟಿಯ ಒಳಭಾಗ, ಅಂಗೈ, ಉಗುರಿನ ಬುಡದಲ್ಲಿ.

‘ಹಾಗಾದರೆ ಡಾಕ್ಟರು ನಮ್ಮ ಊರು, ಸಮುದಾಯ ಕೇಳುವುದೂ ಪೂರ್ವಗ್ರಹವೇ?’ ಎಂದು ಅನೇಕರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಸಿಂಧಿ, ಪಂಜಾಬಿ, ಲೋಹಾಣಾ ಕುಟುಂಬಗಳಲ್ಲಿ ಥಲಸ್ಸೀಮಿಯಾ, ಕೆಲವು ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಹೆಚ್ಚು ಕಾಣುತ್ತದೆ. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಕೊಡುವ ಮೊದಲು ನೋಡಬೇಕಾದ ಜಿ6ಪಿಡಿ ಕೊರತೆಯೂ ಅಷ್ಟೇ. ಸಮುದಾಯ ಇಲ್ಲಿ ಒಂದು ಸುಳಿವು, ಉತ್ತರವಲ್ಲ. ಸುಳಿವು ಹಿಡಿದು ರಕ್ತ ಪರೀಕ್ಷೆ ಮಾಡಿಸಿದರೆ ಅದು ವೈದ್ಯಕೀಯ, ಸುಳಿವಿನಲ್ಲೇ ನಿಂತರೆ ಪಡಿಯಚ್ಚು. ಮೂತ್ರಪಿಂಡದ ಕೆಲಸ ಅಂದಾಜು ಮಾಡುವ ಸೂತ್ರದಲ್ಲಿ ಅಮೆರಿಕದಲ್ಲಿ ಕರಿಯರಿಗೆ ಬೇರೆ ಗುಣಕ ಹಾಕುತ್ತಿದ್ದರು. 2021ರಲ್ಲಿ ಅದನ್ನು ಕೈಬಿಟ್ಟರು.

ಮನೆಯೊಳಗಿನ ಬಣ್ಣ

ನನ್ನ ಕೌಂಟರಿಗೆ ಅತಿ ಹೆಚ್ಚು ಬರುವ ವರ್ಣಭೇದ ಇದು: ‘ಮಗಳಿಗೆ ಹುಡುಗ ನೋಡ್ತಾ ಇದ್ದೇವೆ, ಸ್ವಲ್ಪ ಬೆಳ್ಳಗಾಗುವ ಕ್ರೀಮ್ ಕೊಡಿ.’ ಕೇಳುವವರು ಪ್ರೀತಿಯ ತಾಯಿ. 1975ರಿಂದ ಮಾರಾಟದಲ್ಲಿದ್ದ ಪ್ರಸಿದ್ಧ ಕ್ರೀಮೊಂದರ ಹೆಸರಿನಿಂದ ‘ಬಿಳುಪು’ ಎಂಬರ್ಥದ ಪದ ಹೋದದ್ದು 2020ರಲ್ಲಿ. ಹೆಸರು ಹೋಯಿತು, ಕೇಳುವುದು ನಿಂತಿಲ್ಲ.

ಔಷಧದ ದೃಷ್ಟಿಯಿಂದ ಹೇಳಬೇಕಾದದ್ದು ಇಷ್ಟು. ಅಕ್ಕಪಕ್ಕದವರು ಹೇಳಿದರೆಂದು ತರುವ ಟ್ಯೂಬುಗಳಲ್ಲಿ ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಕೆಲವು ವಾರ ಮುಖ ತಿಳಿಯಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪಾಗುತ್ತದೆ, ಮೊಡವೆ ಮತ್ತು ಕೂದಲು ಏಳುತ್ತದೆ, ಬಿಟ್ಟರೆ ಉರಿ ಶುರುವಾಗುತ್ತದೆ. 2018ರಿಂದ ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ತಿಂಗಳುಗಟ್ಟಲೆ ಹಚ್ಚಿದ್ದರೆ ನಾಚಿಕೆಪಡದೆ ಟ್ಯೂಬನ್ನೇ ಚರ್ಮವೈದ್ಯರಿಗೆ ತೋರಿಸಿ, ಹೇಗೆ ಬಿಡಬೇಕೆಂದು ಅವರನ್ನು ಕೇಳಿ. ತಯಾರಕರ ವಿಳಾಸವಿಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸವೂ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥವನ್ನು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ವೈದ್ಯರು ಪತ್ತೆಹಚ್ಚಿದರು.

ಪೆಟ್ಟು ತಿಂದವರ ದೇಹದಲ್ಲಿ ಏನಾಗುತ್ತದೆ

ಅವಮಾನ ಒಂದು ದಿನದ್ದಾದರೆ ದೇಹ ಸುಧಾರಿಸಿಕೊಳ್ಳುತ್ತದೆ. ದಿನವೂ ‘ಇವತ್ತು ಯಾರು ಏನನ್ನುತ್ತಾರೋ’ ಎಂದು ಕಾಯುತ್ತ ಬದುಕುವವರಲ್ಲಿ ಒತ್ತಡದ ಹಾರ್ಮೋನು ಇಳಿಯಲು ಬಿಡುವೇ ಸಿಗುವುದಿಲ್ಲ. ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಆತಂಕ ಮತ್ತು ಖಿನ್ನತೆ ಹೆಚ್ಚುತ್ತದೆ. ಅದಕ್ಕಿಂತ ನೇರವಾದ ಹಾನಿ, ಅವರು ಆಸ್ಪತ್ರೆಗೆ ಬರುವುದನ್ನೇ ಮುಂದೂಡುತ್ತಾರೆ. ಬಂದರೂ ಪ್ರಶ್ನೆ ಕೇಳುವುದಿಲ್ಲ, ಮಾತ್ರೆ ಬಿಟ್ಟದ್ದನ್ನು ಹೇಳುವುದಿಲ್ಲ. ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ವಿಚಾರಿಸಿದರೆ ಎಷ್ಟೋ ಸಲ ಸಿಗುವ ಉತ್ತರ, ‘ಅಲ್ಲಿ ಬೈತಾರೆ.’

ಒಟ್ಟಿಗೆ ಇದ್ದರೆ ಕಡಿಮೆಯಾಗುತ್ತದೆಯೇ?

ಹಾಗೆ ಬರೇ ಇದ್ದರೆ ಆಗುವುದಿಲ್ಲ. ಸಾಯಂಕಾಲ ಆರರ ವಿರಾರ್ ಲೋಕಲ್‌ನಲ್ಲಿ ಇರುವಷ್ಟು ಒತ್ತಿಕೊಂಡು ಮನುಷ್ಯರು ಬೇರೆಲ್ಲಿ ಇರುತ್ತಾರೆ? ಆದರೂ ನಾಲ್ಕನೇ ಸೀಟಿನ ಜಗಳ ಭಾಷೆಗೆ, ಊರಿಗೆ ತಿರುಗುವುದು ಒಂದು ಕ್ಷಣದ ಕೆಲಸ. ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಇಬ್ಬರೂ ಸರಿಸಮಾನರಾಗಿರಬೇಕು, ಇಬ್ಬರಿಗೂ ಒಂದೇ ಗುರಿ ಇರಬೇಕು, ಅದು ಕೂಡಿ ದುಡಿದರೇ ಸಿಗುವಂಥದ್ದಾಗಿರಬೇಕು, ಮೇಲಿನವರು ಇದಕ್ಕೆ ಒತ್ತಾಸೆಯಾಗಿರಬೇಕು. 2006ರಲ್ಲಿ 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಬೆರೆಯುವುದರಿಂದ ಪೂರ್ವಗ್ರಹ ಸಾಮಾನ್ಯವಾಗಿ ತಗ್ಗುತ್ತದೆ, ಈ ನಾಲ್ಕು ಇದ್ದಾಗ ಹೆಚ್ಚು ತಗ್ಗುತ್ತದೆ ಎಂದು ಕಂಡಿತು.

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಸುತ್ತ, ದಾದರಿನ ಧರ್ಮಶಾಲೆಗಳಲ್ಲಿ ಇದ್ದವರಿಗೆ ಇದು ಗೊತ್ತಿರುತ್ತದೆ. ಅಸ್ಸಾಮಿನ ತಾಯಿ, ಬಂಗಾಳದ ಅಪ್ಪ, ರಾಯಚೂರಿನ ಗಂಡ. ಎಲ್ಲರ ಫೈಲೂ ಒಂದೇ ಬಗೆಯದು, ಎಲ್ಲರಿಗೂ ಬೇಕಾದದ್ದು ಮುಂದಿನ ಕೀಮೋ ತಾರೀಖು. ಒಬ್ಬರು ಸಾಲು ಕಾಯ್ದರೆ ಇನ್ನೊಬ್ಬರು ಗಂಜಿ ಬೇಯಿಸುತ್ತಾರೆ.

ನೀವು ಏನು ಮಾಡಬಹುದು

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ಮನೆಗೆ ಆರೈಕೆಯವರನ್ನು ಕರೆಸುವಾಗ ‘ನಮ್ಮ ಪೈಕಿಯವರೇ ಬೇಕು’ ಎಂದು ಬ್ಯೂರೋಗೆ ಹೇಳುವ ಕುಟುಂಬಗಳು ಬಹಳ. ಕೇಳಬೇಕಾದದ್ದು ಬೇರೆ: ಹಾಸಿಗೆ ಹುಣ್ಣು ಬಾರದಂತೆ ಹೊರಳಿಸಲು ಬರುತ್ತದೆಯೇ, ಮೂಗಿನ ನಳಿಕೆಯಲ್ಲಿ ಆಹಾರ ಕೊಡಲು ಗೊತ್ತೇ, ಇನ್ಸುಲಿನ್ ಅಳತೆ ತಪ್ಪುವುದಿಲ್ಲವೇ. ಭಾಷೆ ಮುಖ್ಯವಾದರೆ, ವಯಸ್ಸಾದವರಿಗೆ ಅದು ನಿಜವಾಗಿಯೂ ಮುಖ್ಯ, ಭಾಷೆಯನ್ನೇ ಕೇಳಿ. ಜಾತಿ, ಮುಖ, ಬಣ್ಣ ಕೇಳಬೇಡಿ.

ಮರೆವಿನ ಕಾಯಿಲೆ ಇರುವ ಹಿರಿಯರು ಆರೈಕೆಗೆ ಬಂದ ಹುಡುಗಿಯನ್ನು ಊರು, ಜಾತಿ, ಬಣ್ಣ ಹಿಡಿದು ಬೈಯುವುದುಂಟು. ಜೀವನವಿಡೀ ಹಾಗೆ ಮಾತಾಡದವರೂ ಬೈಯಬಹುದು. ಮಾತನ್ನು ತಡೆಯುವ ಮಿದುಳಿನ ಮುಂಭಾಗ ಸೋತಾಗ ಎಂದೋ ಕೇಳಿದ ಮಾತುಗಳು ಹೊರಬರುತ್ತವೆ. ಅವರೊಡನೆ ವಾದ ಬೇಡ, ಗಮನ ಬೇರೆಡೆಗೆ ತಿರುಗಿಸಿ. ಆದರೆ ಆ ಹುಡುಗಿಯ ಹತ್ತಿರ ಹೋಗಿ, ಇದು ಕಾಯಿಲೆ ಆಡಿಸುವ ಮಾತು, ಆದರೂ ನಿಮಗೆ ನೋವಾಗಿದೆ, ಕ್ಷಮಿಸಿ ಎಂದು ಮನೆಯವರೇ ಹೇಳಬೇಕು. ‘ಅಜ್ಜಿ ಅಲ್ವಾ, ಬಿಡಮ್ಮಾ’ ಸಾಲದು. ಹೊಸದಾಗಿ ಶುರುವಾದ ಬೈಗುಳವನ್ನು ವೈದ್ಯರಿಗೂ ತಿಳಿಸಿ. ಮೂತ್ರದ ಸೋಂಕು, ನೋವು, ಹೊಸ ಔಷಧ ಇದಕ್ಕೆ ಕಾರಣವಿರಬಹುದು.

ಪೆಟ್ಟು ತಿಂದವರು ನೀವಾದರೆ, ಮೊದಲು ಚಿಕಿತ್ಸೆ ಮುಗಿಸಿಕೊಳ್ಳಿ, ಸಿಟ್ಟಿನಲ್ಲಿ ಎದ್ದು ಹೋಗಬೇಡಿ. ದಿನ, ಹೊತ್ತು, ವಿಭಾಗ, ಆಡಿದ ಮಾತನ್ನು ಅಂದೇ ಬರೆದಿಟ್ಟುಕೊಳ್ಳಿ. ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ‘ನನಗೆ ಅರ್ಥವಾಗಲಿಲ್ಲ, ಮತ್ತೊಮ್ಮೆ ತೋರಿಸಿ’ ಎಂದು ಕೇಳುವುದು ನಿಮ್ಮ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ತಾರತಮ್ಯವಿಲ್ಲದ ಚಿಕಿತ್ಸೆಯೂ ಸೇರಿದೆ. ಮಹಾರಾಷ್ಟ್ರದಲ್ಲಿ 2021ರ ನಿಯಮಗಳಂತೆ ನರ್ಸಿಂಗ್ ಹೋಮುಗಳು ಈ ಹಕ್ಕುಗಳ ಪಟ್ಟಿಯನ್ನು ಕಣ್ಣಿಗೆ ಕಾಣುವಂತೆ ಹಾಕಬೇಕು. ದೂರನ್ನು ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಬರಹದಲ್ಲಿ ಕೊಟ್ಟು, ನಕಲಿನ ಮೇಲೆ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಸಾರ್ವಜನಿಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಹಲ್ಲೆಯ ಭಯವಿದ್ದರೆ 112ಕ್ಕೆ ಕರೆ ಮಾಡಿ.

ನಿದ್ದೆ ಬಾರದಿದ್ದರೆ, ಅದೇ ಮಾತು ತಲೆಯಲ್ಲಿ ಸುತ್ತುತ್ತಿದ್ದರೆ, ಆಸ್ಪತ್ರೆಗೆ ಹೋಗಲು ಕಾಲೇ ಬಾರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಉಚಿತ. ಕನ್ನಡದಲ್ಲೂ ಮಾತಾಡಬಹುದು, ಮುಂಬಯಿಯಿಂದ ಕರೆ ಮಾಡುವಾಗ ಶುರುವಿನಲ್ಲೇ ಭಾಷೆ ಆರಿಸಿಕೊಳ್ಳಿ.